ಅದೇ ಕಲ್ಲು, ಬೇರೆ ಬಣ್ಣ

ನೋವಿನ ಚಿತ್ರ ಬರೆಯಿರಿ ಅಂದರೆ ಹೆಚ್ಚಿನವರು ಬಾಯಿ ತೆರೆದು ಕೂಗುತ್ತಿರುವ ಮುಖ ಬರೆಯುತ್ತಾರೆ. ನಾನು ನಡೆಸುವ ಕಾರ್ಯಾಗಾರಗಳಲ್ಲಿ ಮೊದಲ ದಿನ ಯಾವಾಗಲೂ ಇದೇ. ಹಲ್ಲುನೋವಿಗೆ, ಮುರಿದ ಮೂಳೆಗೆ ಆ ಮುಖ ಸರಿಯಾಗಿಯೇ ಇದೆ. ಆದರೆ ಇಲ್ಲಿ ಕೂತಿರುವ ನಮ್ಮಲ್ಲಿ ಅನೇಕರದ್ದು ಅಂಥ ಕಾಯಿಲೆಯಲ್ಲ. ಸಂಧಿವಾತ, ಸಕ್ಕರೆ ಕಾಯಿಲೆ, ಲೂಪಸ್, ಕಿಡ್ನಿ ತೊಂದರೆ, ಆಸ್ತಮಾ. ಇಪ್ಪತ್ತು ವರ್ಷ ಯಾರೂ ಕೂಗುತ್ತಲೇ ಇರುವುದಕ್ಕೆ ಆಗುವುದಿಲ್ಲ, ಗಂಟಲೂ ಬಿಡುವುದಿಲ್ಲ.

ಹಾಗಾದರೆ ಆ ಇಪ್ಪತ್ತು ವರ್ಷ ಮನಸ್ಸಿನಲ್ಲಿ ಇರುವುದೇನು? ಮುಖ್ಯವಾಗಿ ಬೇಸರ. ಆಮೇಲೆ ಮುಗಿಯದ ಲೆಕ್ಕಾಚಾರ: ಇವತ್ತು ಮದುವೆಮನೆಗೆ ಹೋದರೆ ನಾಳೆ ಹಾಸಿಗೆಯಿಂದ ಏಳುವುದಕ್ಕೆ ಆಗುತ್ತಾ? ಮೆಟ್ಟಿಲನ್ನು ಎರಡೆರಡಾಗಿ ಹತ್ತುವವರನ್ನು ಕಂಡರೆ ಸಣ್ಣ ಹೊಟ್ಟೆಕಿಚ್ಚು. ಮನೆಯವರಿಗೆ ಭಾರವಾದೆನಲ್ಲ ಅನ್ನುವ ಅಳುಕು. ಅವರು ಅದನ್ನು ತೋರಿಸಿಕೊಳ್ಳದಿದ್ದರೆ ಇನ್ನಷ್ಟು ಅಳುಕು. "ನೋಡೋಕೆ ಚೆನ್ನಾಗೇ ಇದ್ದೀಯಲ್ಲ!" ಅಂದವರ ಮೇಲೆ ಸಿಟ್ಟು, ಹಾಗೆ ಅಂದರಲ್ಲ ಅಂತ ಒಳಗೊಳಗೇ ಒಂದು ಚೂರು ಖುಷಿ ಕೂಡ. ಇವಕ್ಕೆಲ್ಲ ಕೂಗುವ ಮುಖ ಯಾವ ಲೆಕ್ಕ?

ಇಂಥ ಮಂದವಾದ, ಒಂದರೊಳಗೊಂದು ಸೇರಿಕೊಂಡ ಭಾವನೆಗಳಿಗೆ ಬಣ್ಣ-ಕುಂಚಕ್ಕಿಂತ ಮುದ್ರಣಕಲೆ ಹೆಚ್ಚು ಒಗ್ಗುತ್ತದೆ ಅನ್ನುವುದು ನನ್ನ ವಾದ. ನಮ್ಮ ಆರ್ಟ್ ಸ್ಕೂಲುಗಳಲ್ಲಿ ಇದನ್ನು 'ಗ್ರಾಫಿಕ್ಸ್' ಅಂತ ಕರೆಯುತ್ತೇವೆ. ಹಲಗೆ, ತಗಡು ಅಥವಾ ಕಲ್ಲಿನ ಮೇಲೆ ಚಿತ್ರ ಮಾಡಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತುವ ಕಲೆ. ಲಿನೋಕಟ್ (ಲಿನೋಲಿಯಂ ಅನ್ನುವ ಮೆತ್ತನೆಯ ಹಾಳೆ ಕೆತ್ತುವುದು), ವುಡ್‌ಕಟ್ (ಮರದ ಹಲಗೆ ಕೆತ್ತುವುದು), ಎಚಿಂಗ್ (ಆಮ್ಲದಿಂದ ತಗಡು ಕೊರೆಯುವುದು), ಕಲ್ಲಚ್ಚು (ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವುದು) ಎಲ್ಲ ಅದರೊಳಗೇ ಬರುತ್ತವೆ. ನನ್ನ ಪಕ್ಷಪಾತವನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಅಚ್ಚು ಹಾಕುವವಳು, ಜೊತೆಗೆ ಸಂಧಿವಾತದವಳು. ಬೆಳಿಗ್ಗೆ ಎದ್ದ ಮೊದಲ ಒಂದು ತಾಸು ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಉಪ್ಪಿಟ್ಟಿನ ಚಮಚ ಹಿಡಿಯಲಾಗದ ಕೈ ಮಧ್ಯಾಹ್ನ ಲೋಹದ ಮೇಲೆ ಗೆರೆ ಕೊರೆಯುತ್ತದೆ ಅಂದರೆ ನಂಬದವರೇ ಹೆಚ್ಚು. ನನ್ನ ಅತ್ತೆಯವರು ಇವತ್ತಿಗೂ ನಂಬಿಲ್ಲ.

ಮುದ್ರಣಕಲೆಯ ವಿಷಯಕ್ಕೆ ಬಂದರೆ ಚಿತ್ರಕಾರ ಎಡ್ವರ್ಡ್ ಮುಂಕ್‌ನಿಂದಲೇ ಶುರುಮಾಡಬೇಕು. ಆ ಹೆಸರು ಕೇಳಿದ ಕೂಡಲೇ ನಿಮಗೆ ನೆನಪಾಗುವುದು ಸೇತುವೆಯ ಮೇಲೆ ನಿಂತು ಕೆನ್ನೆಗೆ ಕೈ ಒತ್ತಿಕೊಂಡಿರುವ ಆ ಆಕೃತಿ, 'ಕೂಗು' (ದಿ ಸ್ಕ್ರೀಮ್) ಅನ್ನುವ ಚಿತ್ರ. ಫೋನಿನ ಇಮೋಜಿಯಲ್ಲೂ ಬಂದು ಕೂತಿದೆ. ಅದನ್ನು ಬದಿಗಿಡೋಣ. ನನಗೆ ಬೇಕಾದದ್ದು ಅವನ 'ಕಾಯಿಲೆಯ ಹುಡುಗಿ'.

ಮುಂಕ್ ನಾರ್ವೆಯಲ್ಲಿ 1863ರಲ್ಲಿ ಹುಟ್ಟಿದವನು. ಐದು ವರ್ಷದವನಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡಳು. 1877ರಲ್ಲಿ ಅಕ್ಕ ಸೋಫಿಯೂ ಕ್ಷಯಕ್ಕೇ ಬಲಿಯಾದಳು, ಆಗ ಅವಳಿಗೆ ಹದಿನೈದು ವರ್ಷ. ಅಪ್ಪ ಸೇನೆಯಲ್ಲಿ ವೈದ್ಯ. ಮನೆಯಲ್ಲೇ ಡಾಕ್ಟರಿದ್ದೂ ಪ್ರಯೋಜನವಾಗಲಿಲ್ಲ. ಕ್ಷಯದ ರೋಗಾಣುವನ್ನು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಕ್ ಗುರುತಿಸಿದ್ದೇ 1882ರಲ್ಲಿ, ಔಷಧಿ ಬರಲು ಇನ್ನೂ ಅರುವತ್ತು ವರ್ಷ ಕಾಯಬೇಕಿತ್ತು. ಮುಂಕ್ ಕೂಡ ಸದಾ ಕೆಮ್ಮುತ್ತಿದ್ದ, ಕೆಮ್ಮಿನಲ್ಲಿ ರಕ್ತ ಕಂಡ ಹುಡುಗ.

1885-86ರಲ್ಲಿ ಅವನು ಅಕ್ಕನ ಚಿತ್ರ ಬರೆದ. ದಿಂಬಿಗೆ ಒರಗಿ ಕೂತ ಕೆಂಗೂದಲ ಹುಡುಗಿ, ಪಕ್ಕದಲ್ಲಿ ತಲೆ ತಗ್ಗಿಸಿದ ಹೆಂಗಸು. ಆ ಹೆಂಗಸಿಗೆ ಮಾದರಿಯಾದವಳು ಮಕ್ಕಳನ್ನು ಸಾಕಿದ ಚಿಕ್ಕಮ್ಮ ಕಾರೆನ್. ಬಣ್ಣ ಹಚ್ಚುವುದು, ಕೆರೆಯುವುದು, ಮತ್ತೆ ಹಚ್ಚುವುದು. ಪ್ರದರ್ಶನಕ್ಕಿಟ್ಟಾಗ ಜನ ನಕ್ಕರು, ಇದು ಮುಗಿಯದ ಚಿತ್ರ ಅಂದರು. ಮುಂದಿನ ನಲವತ್ತು ವರ್ಷಗಳಲ್ಲಿ ಇದೇ ದೃಶ್ಯವನ್ನು ಅವನು ಒಟ್ಟು ಆರು ಸಲ ಬಣ್ಣದಲ್ಲಿ ಬರೆದ. ಆದರೆ ನಾನು ನಿಮಗೆ ತೋರಿಸಲು ತಂದಿರುವುದು ಅಚ್ಚುಗಳನ್ನು.

1894ರದ್ದು ಡ್ರೈಪಾಯಿಂಟ್, ಅಂದರೆ ಲೋಹದ ತಗಡಿನ ಮೇಲೆ ನೇರವಾಗಿ ಮೊಳೆಯಿಂದ ಗೀರಿದ್ದು. ಇದರಲ್ಲಿ ಹುಡುಗಿಯೂ ಇದ್ದಾಳೆ, ತಲೆ ತಗ್ಗಿಸಿದ ಹೆಂಗಸೂ ಇದ್ದಾಳೆ. ಎರಡು ವರ್ಷ ಬಿಟ್ಟು, 1896ರಲ್ಲಿ, ಪ್ಯಾರಿಸ್ಸಿನಲ್ಲಿ ಕಲ್ಲಚ್ಚು ಮಾಡುವಾಗ ಚಿಕ್ಕಮ್ಮ ಮಾಯವಾಗಿದ್ದಾಳೆ. ಕೋಣೆಯಿಲ್ಲ, ಮಂಚವಿಲ್ಲ. ಪಕ್ಕದಿಂದ ಕಾಣುವ ಹುಡುಗಿಯ ಮುಖ, ಕೆದರಿದ ಕೂದಲು, ದಿಂಬು ಮಾತ್ರ. ಕಾಯಿಲೆಯವರಿಗೆ ಈ ಬದಲಾವಣೆ ತಕ್ಷಣ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಮೊದಮೊದಲು ಕಾಯಿಲೆ ಅಂದರೆ ಮನೆ ತುಂಬ ಜನ. ವರ್ಷ ಕಳೆದ ಮೇಲೆ ನೀವು ಮತ್ತು ನಿಮ್ಮ ದಿಂಬು.

ಆ ಕಲ್ಲಚ್ಚನ್ನು ಅಚ್ಚು ಹಾಕಿಕೊಟ್ಟವನು ಪ್ಯಾರಿಸ್ಸಿನ ಹೆಸರಾಂತ ಮುದ್ರಕ ಒಗ್ಯುಸ್ತ್ ಕ್ಲೊ. ಅಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ಪಾಲ್ ಹೆರ್ಮಾನ್ ಅನ್ನುವ ಚಿತ್ರಕಾರ ಹೇಳಿದ ಒಂದು ಪ್ರಸಂಗವಿದೆ. ಹುಡುಗಿಯ ತಲೆಯ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರಂತೆ. ಮುಂಕ್ ಬಂದ, ಅವುಗಳ ಎದುರು ನಿಂತ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ, ಗಾಳಿಯಲ್ಲಿ ಬೆರಳಾಡಿಸುತ್ತ ಬೂದು, ಹಸಿರು, ನೀಲಿ, ಕಂದು ಅಂತ ಬಣ್ಣ ಹೇಳಿದ. ಆಮೇಲೆ ಕಣ್ಣು ಬಿಟ್ಟು ಹೆರ್ಮಾನ್‌ನನ್ನು ಕುಡಿಯಲು ಕರೆದುಕೊಂಡು ಹೋದ. ವಾಪಸ್ಸು ಬಂದು ಮತ್ತೆ ಕಣ್ಣು ಮುಚ್ಚಿ ಹಳದಿ, ಗುಲಾಬಿ, ಕೆಂಪು ಅಂದ. ಮುದ್ರಕ ಅಚ್ಚು ಹಾಕುತ್ತಲೇ ಇದ್ದ.

ಕಲಾ ಇತಿಹಾಸದ ತರಗತಿಯಲ್ಲಿ ಇದನ್ನು ತಮಾಷೆಯ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಅಚ್ಚುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಗೆರೆ ಒಂದೂ ಬದಲಾಗಿಲ್ಲ. ಕೆಂಪಿನಲ್ಲಿ ಅವಳಿಗೆ ಜ್ವರ ಏರಿದೆ. ಬೂದು-ಹಸಿರಿನಲ್ಲಿ ಆಗಲೇ ದೂರ ಹೋದವಳ ಹಾಗಿದ್ದಾಳೆ. ಹಳದಿ ಬೆರೆತದ್ದರಲ್ಲಿ ಬೆಳಗಿನ ಬಿಸಿಲು ಬಿದ್ದಂತಿದೆ, ಇವತ್ತು ಸ್ವಲ್ಪ ಗಂಜಿ ಕುಡಿದಾಳು ಅನ್ನಿಸುತ್ತದೆ. ಕಾಯಿಲೆ ಅದೇ, ರಿಪೋರ್ಟೂ ಅದೇ, ದಿನ ಮಾತ್ರ ಬೇರೆ. ನಮ್ಮ ದಿನಚರಿಯ ಬಗ್ಗೆ ಇದಕ್ಕಿಂತ ನಿಖರವಾದ ಚಿತ್ರ ನಾನು ನೋಡಿಲ್ಲ. ಇದನ್ನು ಕ್ಯಾನ್ವಾಸಿನಲ್ಲಿ ಮಾಡಬೇಕಿದ್ದರೆ ಅಷ್ಟೂ ಸಲ ಕೂತು ಹೊಸದಾಗಿ ಬರೆಯಬೇಕಿತ್ತು, ಪ್ರತಿ ಸಲ ಗೆರೆಯೂ ಚೂರು ಬದಲಾಗುತ್ತಿತ್ತು.

ಕಲ್ಲಚ್ಚು ಅಂದೆನಲ್ಲ, ಚಿಕ್ಕ ವಿಷಯಾಂತರ. ಕನ್ನಡಕ್ಕೆ ಅದು ಹೊಸತೇನಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', ನಮ್ಮ ಮೊದಲ ಪತ್ರಿಕೆ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲೇ ಮುದ್ರಣವಾದದ್ದು. ನುಣುಪು ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಾರೆ. ಕಲ್ಲಿಗೆ ನೀರು ಸವರಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಕಲ್ಲನ್ನು ತಿಕ್ಕಿ ಉಜ್ಜಿ ಮುಂದಿನ ಚಿತ್ರಕ್ಕೆ ತಯಾರು ಮಾಡಬೇಕು. ಸರಿಯಾಗಿ ತಿಕ್ಕದಿದ್ದರೆ ಹಳೆಯ ಚಿತ್ರ ಹೊಸದರ ನಡುವೆ ತೆಳುವಾಗಿ ಎದ್ದು ಬರುತ್ತದೆ. ಕಾಯಿಲೆ ತಹಬಂದಿಗೆ ಬಂದಿದೆ ಅಂತ ಡಾಕ್ಟರು ಹೇಳಿ ಕಳಿಸಿದ ಮೇಲಿನ ತಿಂಗಳುಗಳಲ್ಲಿ ನಾವು ಹೇಗೆ ಬದುಕುತ್ತೇವೆ ಅಂತ ಯಾರಾದರೂ ಕೇಳಿದರೆ ನಾನು ಆ ಕಲ್ಲು ತೋರಿಸುತ್ತೇನೆ.

ಕ್ಲೊನ ಕಥೆಯಲ್ಲಿ ಇನ್ನೊಂದು ವಿಷಯವಿದೆ. ಮುಂಕ್ ಹೊರಗೆ ಕುಡಿಯುತ್ತ ಕೂತಿದ್ದಾಗ ಅಚ್ಚು ಹಾಕುತ್ತಿದ್ದದ್ದು ಬೇರೆಯವರ ಕೈ. ಜಪಾನಿನ ಮರದಚ್ಚುಗಳಲ್ಲೂ ಹೀಗೆಯೇ: ಚಿತ್ರ ಬರೆಯುವವನೊಬ್ಬ, ಹಲಗೆ ಕೆತ್ತುವವನೊಬ್ಬ, ಅಚ್ಚು ಹಾಕುವವನು ಮತ್ತೊಬ್ಬ. ಅಲ್ಲಿನ ಚಿತ್ರಕಾರ ಹೊಕುಸಾಯ್‌ನ ಹೆಸರಾಂತ 'ದೊಡ್ಡ ಅಲೆ' ಅಚ್ಚನ್ನು ಅವನೊಬ್ಬನೇ ಮಾಡಿದ್ದಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮಂಥವರಿಗೆ ಅತಿ ದೊಡ್ಡ ಸಂಕೋಚ ಇರುವುದೇ ಇನ್ನೊಬ್ಬರ ಸಹಾಯ ಕೇಳುವುದರಲ್ಲಿ. ಬಾಟಲಿ ಮುಚ್ಚಳ ತೆಗೆದುಕೊಡು, ಕುಕ್ಕರ್ ಇಳಿಸು, ಬ್ಲೌಸಿನ ಹುಕ್ ಹಾಕು. ಪ್ರೆಸ್ಸಿನ ಚಕ್ರ ತಿರುಗಿಸು ಅಂತ ಕೇಳುವಾಗ ನನಗೆ ಆ ಸಂಕೋಚ ಇಲ್ಲವೇ ಇಲ್ಲ. ಮುದ್ರಣಶಾಲೆಯಲ್ಲಿ ಅದು ಕಸುಬಿನ ಪದ್ಧತಿ. ನನ್ನ ಚಕ್ರ ತಿರುಗಿಸುವ ಹುಡುಗ ಮೈಮೇಲೆ ಮಸಿ ಮಾಡಿಕೊಂಡು "ಮೇಡಂ, ಒತ್ತಡ ಕಮ್ಮಿಯಾಯ್ತು" ಅಂತ ನನಗೇ ಪಾಠ ಹೇಳುತ್ತಾನೆ. ಅಲ್ಲಿ ಅವನಿಗೆ ನಾನು ಕಾಯಿಲೆಯವಳಲ್ಲ, ಚೌಕಾಸಿ ಮಾಡುವ ಗಿರಾಕಿ.

ಈಗ ಎಚಿಂಗ್. ಬೇರೆಯವಕ್ಕಿಂತ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದು ನನ್ನದೇ ಕೆಲಸವಾದ್ದರಿಂದ. ಸತು ಅಥವಾ ತಾಮ್ರದ ತಗಡಿಗೆ ಮೇಣದ ಲೇಪ ಕೊಡಬೇಕು. ಮೊಳೆಯಿಂದ ಲೇಪವನ್ನು ಗೀರಿದರೆ ಅಷ್ಟು ಜಾಗದಲ್ಲಿ ಲೋಹ ಹೊರಗೆ ಕಾಣುತ್ತದೆ. ಆಮೇಲೆ ತಗಡನ್ನು ದ್ರಾವಣದಲ್ಲಿ ಮುಳುಗಿಸಿ ಕಾಯುವುದು. ತಾಮ್ರವಾದರೆ ಫೆರಿಕ್ ಕ್ಲೋರೈಡು, ಸತುವಾದರೆ ತೆಳುಮಾಡಿದ ನೈಟ್ರಿಕ್ ಆಮ್ಲ. ಬೇಗ ತೆಗೆದರೆ ಗೆರೆ ತೆಳು, ತಡವಾಗಿ ತೆಗೆದರೆ ಆಳ ಮತ್ತು ಕಪ್ಪು. ಅಂದರೆ ಗೆರೆಯ ಕಪ್ಪು ನಿರ್ಧಾರವಾಗುವುದು ಕೈಯ ಬಲದಿಂದಲ್ಲ, ಕಾದ ಹೊತ್ತಿನಿಂದ. ಬಲವಿಲ್ಲದ ಕೈಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ನನ್ನ ಚಿತ್ರಗಳ ಅತ್ಯಂತ ಕಪ್ಪಾದ ಗೆರೆಗಳನ್ನು ನಾನು ಎಳೆದದ್ದು ಬೆರಳು ಅತ್ಯಂತ ಕೆಟ್ಟಿದ್ದ ದಿನಗಳಲ್ಲಿ.

ಸಿಟ್ಟಿನ ಗತಿ ಏನು ಅಂತ ನೀವು ಕೇಳಬಹುದು. ಸಿಟ್ಟು ಬಂದಾಗ ಕ್ಯಾನ್ವಾಸಿಗೆ ಬಣ್ಣ ಎರಚಿದರೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಹಾಗಿಲ್ಲ. ಲೇಪ ಹಾಕು, ಗೀರು, ಮುಳುಗಿಸು, ಕಾಯು, ತೊಳೆ, ಮಸಿ ಹಚ್ಚು, ಒರೆಸು, ಕಾಗದ ನೆನೆಸು. ಮೊದಲ ಅಚ್ಚು ಕೈಗೆ ಬರುವ ಹೊತ್ತಿಗೆ ಸಿಟ್ಟು ಬೇರೇನೋ ಆಗಿರುತ್ತದೆ. ಮೇಲಾಗಿ ಚಿತ್ರ ತಿರುವುಮುರುವಾಗಿ ಬರುತ್ತದೆ, ಎಡದ್ದು ಬಲಕ್ಕೆ. ನಿಮ್ಮದೇ ಚಿತ್ರವನ್ನು ಪರಕೀಯರಂತೆ ನೋಡುತ್ತೀರಿ. ನನಗೆ ಸಿಟ್ಟು ಇದ್ದದ್ದು ಡಾಕ್ಟರ ಮೇಲೆ ಅಂದುಕೊಂಡು ಶುರುಮಾಡಿದ ಒಂದು ತಗಡು ಕೊನೆಗೆ ನನ್ನ ಅಕ್ಕನ ಚಿತ್ರವಾಯಿತು. ಅವಳಿಗೆ ಬಾರದ ಕಾಯಿಲೆ ನನಗೆ ಯಾಕೆ ಬಂತು ಅನ್ನುವ ಪ್ರಶ್ನೆ ನನ್ನೊಳಗೆ ಇತ್ತು ಅಂತ ಗೊತ್ತಾದದ್ದೇ ಆಗ. ಇದನ್ನು ಭಾವನೆಯನ್ನು 'ಹೊರಹಾಕುವುದು' ಅಂತ ಕರೆಯಲು ನನಗೆ ಇಷ್ಟವಿಲ್ಲ. ಹೊರಹಾಕಲು ಅದೇನು ಕಸವೇ?

ಎಲ್ಲರಿಗೂ ಈ ಕಾಯುವಿಕೆ ಒಗ್ಗುತ್ತದೆ ಅಂತಲೂ ಹೇಳಲಾರೆ. ಮೆಕ್ಸಿಕೋದ ಚಿತ್ರಕಾರ್ತಿ ಫ್ರಿಡಾ ಕಾಹ್ಲೊ ನಿಮಗೆ ಗೊತ್ತು. 1925ರ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡು ಜೀವನವಿಡೀ ನೋವಿನಲ್ಲೇ ಬದುಕಿದವಳು. 1932ರಲ್ಲಿ ಡೆಟ್ರಾಯಿಟಿನಲ್ಲಿ ಗರ್ಭಪಾತವಾದ ಮೇಲೆ ಅವಳು ಗೆಳತಿಯ ನೆರವಿನಿಂದ ಒಂದು ಕಲ್ಲಚ್ಚು ಮಾಡಿದಳು. ಬಹಳ ತೀಕ್ಷ್ಣವಾದ ಚಿತ್ರ ಅದು. ಆದರೂ ಅವಳು ಆ ದಾರಿಯಲ್ಲಿ ಮುಂದುವರಿಯಲಿಲ್ಲ, ಬಣ್ಣಕ್ಕೆ ಮರಳಿದಳು. ಅವಳ ಸ್ವಭಾವಕ್ಕೆ ಅದೇ ಸರಿ.

ನಮ್ಮ ಕಾರ್ಯಾಗಾರಕ್ಕೆ ಬರುತ್ತಿದ್ದ ಒಬ್ಬ ಹೆಂಗಸಿನ ಬಗ್ಗೆ ಹೇಳಬೇಕು, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಡಯಾಲಿಸಿಸ್ಸಿನಲ್ಲಿರುವವರಿಗೆ ಊಟಕ್ಕಿಂತ ದೊಡ್ಡ ಪಥ್ಯ ನೀರಿನದು, ನಿಮಗೆ ಗೊತ್ತಿರಬಹುದು. ಮೂತ್ರ ಕಮ್ಮಿ ಇರುವುದರಿಂದ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಹಾಗಾಗಿ ದಿನಕ್ಕೆ ಇಷ್ಟೇ ಅಂತ ಅಳತೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಆ ಲೆಕ್ಕದೊಳಗೇ. ಅವರು ಲಿನೋ ಹಾಳೆಯಲ್ಲಿ ಒಂದು ಸ್ಟೀಲ್ ಲೋಟ ಕೆತ್ತಿದರು. ಅಂಚು ಸ್ವಲ್ಪ ಹೊರಕ್ಕೆ ಬಾಗಿದ, ನಮ್ಮೆಲ್ಲರ ಮನೆಯಲ್ಲಿರುವ ಲೋಟ. ನಾನು ನಿರೀಕ್ಷಿಸಿದ್ದು ಒಂದು ಅಚ್ಚು. ಅವರು ಬ್ಲಾಕಿಗೆ ಒಂದೇ ಸಲ ಮಸಿ ಹಚ್ಚಿ, ಮತ್ತೆ ಹಚ್ಚದೆ, ಉದ್ದನೆಯ ಕಾಗದದ ಮೇಲೆ ಒತ್ತುತ್ತ ಹೋದರು. ಮೊದಲ ಲೋಟ ಗಾಢ ಕಪ್ಪು. ಎರಡನೆಯದರಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ. ಮೂರನೆಯದು ಬೂದು. ಕೊನೆಯ ಲೋಟ ಕಾಗದ ಓರೆ ಹಿಡಿದರೆ ಮಾತ್ರ ಕಾಣುವಷ್ಟು. ಅಲ್ಲಿಗೆ ನಿಲ್ಲಿಸಿ, "ಇನ್ನು ರಾತ್ರಿ ಮಾತ್ರೆ ನುಂಗೋಕೆ ಒಂದು ಗುಟುಕು ಉಳಿಸ್ಕೋಬೇಕಲ್ಲ" ಅಂದರು. ಎಲ್ಲರೂ ನಕ್ಕರು, ಅವರೇ ಮೊದಲು.

ಮಸಿ ಮುಗಿಯುವವರೆಗೆ ಒತ್ತುವುದು ಹೊಸ ತಂತ್ರವೇನಲ್ಲ, ಉಳಿದ ಮಸಿಯಲ್ಲಿ ಬರುವ ಎರಡನೆಯ ಪೇಲವ ಅಚ್ಚಿಗೆ 'ಭೂತ' ಅಂತಲೇ ಹೆಸರಿದೆ. ಕಣ್ಣಿನ ತೊಂದರೆಯಲ್ಲಿ ಬಹುಕಾಲ ನರಳಿದ ಫ್ರೆಂಚ್ ಚಿತ್ರಕಾರ ದೆಗಾ ತನ್ನ ಮಾನೊಟೈಪುಗಳಲ್ಲಿ (ಕೆತ್ತದ ತಗಡಿನ ಮೇಲೆ ಮಸಿಯಲ್ಲೇ ಚಿತ್ರ ಬರೆದು ಒತ್ತಿದವು) ಆ ಪೇಲವ ಅಚ್ಚನ್ನು ತೆಗೆದು ಅದರ ಮೇಲೆ ಪೇಸ್ಟಲ್ ಹಚ್ಚುತ್ತಿದ್ದ. ಆ ಹೆಂಗಸು ದೆಗಾ ಹೆಸರು ಕೇಳಿದವರಲ್ಲ. ಬಾಯಾರಿಕೆಯೇ ಅವರಿಗೆ ತಂತ್ರ ಹೇಳಿಕೊಟ್ಟಿತು.

ಇನ್ನೊಬ್ಬ ಹುಡುಗ, ಟೈಪ್ ಒನ್ ಮಧುಮೇಹ, ಚಿಕ್ಕಂದಿನಿಂದಲೂ ಇನ್ಸುಲಿನ್. ಅವನು ಗೆರೆ ಎಳೆಯಲೇ ಇಲ್ಲ. ತಗಡಿನ ತುಂಬ ಮೊಳೆಯಿಂದ ಚುಚ್ಚಿದ, ಅಷ್ಟೇ. ರಂಗೋಲಿಗೆ ಇಟ್ಟು ಗೆರೆ ಎಳೆಯದೇ ಬಿಟ್ಟ ಚುಕ್ಕಿಗಳ ಹಾಗಿತ್ತು. ಕೆಳಗೆ ಪೆನ್ಸಿಲಿನಲ್ಲಿ ಬರೆದ ಶೀರ್ಷಿಕೆ: 'ಚೆಕ್ ಮಾಡ್ಕೊಂಡ್ಯಾ?' ಅವನ ಅಮ್ಮ ದಿನಾ ಕೇಳುವ ಮಾತು. ಪ್ರೀತಿ ಮಾಡುವವರ ಮೇಲಿನ ಕಿರಿಕಿರಿಯನ್ನು ಬಾಯಿಬಿಟ್ಟು ಹೇಳಿದರೆ ಕೃತಘ್ನ ಅನ್ನಿಸಿಕೊಳ್ಳುತ್ತೇವೆ. ತಗಡಿಗೆ ಹಾಗೇನೂ ಅನ್ನಿಸುವುದಿಲ್ಲ.

ಕಣ್ಣಿಗೆ ಕಾಣದ ಕಾಯಿಲೆಯ ವಿಷಯಕ್ಕೆ ಬರುತ್ತೇನೆ, "ಚೆನ್ನಾಗೇ ಇದ್ದೀಯಲ್ಲ" ಅನ್ನುವ ಮಾತಿಗೆ. ಅದಕ್ಕೆ ನನಗೆ ದಾರಿ ಸಿಕ್ಕಿದ್ದು ಕಲಾವಿದ ಸೋಮನಾಥ ಹೋರ್ ಅವರಿಂದ. 1921ರಲ್ಲಿ ಚಿತ್ತಗಾಂಗಿನಲ್ಲಿ ಹುಟ್ಟಿ, 1943ರ ಬಂಗಾಳದ ಬರವನ್ನು ಹತ್ತಿರದಿಂದ ಕಂಡು ಚಿತ್ರಿಸಿ, ಮುಂದೆ ಶಾಂತಿನಿಕೇತನದಲ್ಲಿ ಗ್ರಾಫಿಕ್ಸ್ ಕಲಿಸಿದವರು. 1970ರ ದಶಕದಲ್ಲಿ ಅವರು ಮಾಡಿದ 'ಗಾಯಗಳು' ಸರಣಿಯಲ್ಲಿ ಮಸಿಯೇ ಇಲ್ಲ. ಮೇಣ ಅಥವಾ ಜೇಡಿಯ ಹಾಳೆಯನ್ನು ಕುಯ್ದು, ಸುಟ್ಟು, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ತಿರುಳು ಒತ್ತಿ ಒಣಗಿಸುತ್ತಿದ್ದರು. ಬಿಳಿಯ ಮೇಲೆ ಬಿಳಿ. ಎದುರಿನಿಂದ ಬೆಳಕು ಬಿದ್ದರೆ ಖಾಲಿ ಹಾಳೆ. ಪಕ್ಕದಿಂದ ಬಿದ್ದರೆ ಸೀಳು, ಊತ, ತೂತು ಎಲ್ಲ ಎದ್ದು ಕಾಣುತ್ತವೆ. ಅವರ ಮನಸ್ಸಿನಲ್ಲಿದ್ದದ್ದು ಬರ, ಯುದ್ಧ, ಜನರ ಮೇಲಿನ ಹಿಂಸೆ. ಕಾಯಿಲೆಯಲ್ಲ. ಆದರೆ ನನ್ನ ಗೆಣ್ಣುಗಳನ್ನು ಹೇಗೆ ತೋರಿಸಬೇಕೆಂದು ನಾನು ಕಲಿತದ್ದು ಅಲ್ಲಿಂದಲೇ. ಈಗ ನಾನು ಮಸಿ ಹಚ್ಚದ ತಗಡನ್ನು ನೆನೆಸಿದ ದಪ್ಪ ಕಾಗದಕ್ಕೆ ಒತ್ತುತ್ತೇನೆ. ಪ್ರದರ್ಶನದಲ್ಲಿ ದೀಪವನ್ನು ಪಕ್ಕಕ್ಕಿಡಲು ಹೇಳುತ್ತೇನೆ. ಜನ ದೂರದಿಂದ ನೋಡಿ "ಏನೂ ಇಲ್ಲವಲ್ಲ" ಅಂತ ಮುಂದೆ ಹೋಗುತ್ತಾರೆ. ಹೋಗಲಿ. ಅದೂ ಆ ಚಿತ್ರದ ಭಾಗವೇ.

ಪ್ರತಿಗಳ ಬಗ್ಗೆ ಒಂದು ಮಾತು. ಅಚ್ಚಿನ ಕೆಳಗೆ 3/20 ಅಂತ ಬರೆದಿರುತ್ತಾರಲ್ಲ, ಇಪ್ಪತ್ತರಲ್ಲಿ ಮೂರನೆಯದು ಅಂತ. ಕಾಯಿಲೆಯವರಿಗೆ ಬಹಳ ಸುಸ್ತು ಮಾಡುವ ಕೆಲಸ ಯಾವುದು ಅಂದರೆ ಅದೇ ಕಥೆಯನ್ನು ಮತ್ತೆ ಮತ್ತೆ ಹೇಳುವುದು: ಹೊಸ ಡಾಕ್ಟರಿಗೆ, ಊರಿಂದ ಬಂದ ದೊಡ್ಡಪ್ಪನಿಗೆ, ರಜೆ ಕೊಡುವ ಆಫೀಸಿನವರಿಗೆ. ಹೇಳುತ್ತ ಹೇಳುತ್ತ ನಮಗೇ ಅದು ಸುಳ್ಳೆನಿಸತೊಡಗುತ್ತದೆ. ಅಚ್ಚಿನಲ್ಲಿ ಒಮ್ಮೆ ಹೇಳಿದರೆ ಸಾಕು, ಇಪ್ಪತ್ತು ಜನಕ್ಕೆ ಇಪ್ಪತ್ತು ಪ್ರತಿ. ನಮ್ಮ ದೊಡ್ಡಪ್ಪ ಅದನ್ನು ಫ್ರೇಮ್ ಹಾಕಿಸಿ ದೇವರಮನೆ ಪಕ್ಕ ತೂಗುಹಾಕಿದ್ದಾರೆ, ತಲೆಕೆಳಗಾಗಿ. ನಾನು ಸರಿಪಡಿಸಲು ಹೋಗಿಲ್ಲ.

ಇದರಿಂದ ಕಾಯಿಲೆ ಕಮ್ಮಿಯಾಗುತ್ತಾ ಅಂತ ಕೇಳಬೇಡಿ. ನನ್ನ ಇಎಸ್‌ಆರ್ (ಮೈಯಲ್ಲಿನ ಉರಿಯೂತ ತೋರಿಸುವ ರಕ್ತಪರೀಕ್ಷೆ) ಇಳಿಸಿದ್ದು ಮಾತ್ರೆ, ಮಸಿಯಲ್ಲ. ವಾರಕ್ಕೊಮ್ಮೆ ಸಂಧಿವಾತದ ಮೆಥೋಟ್ರೆಕ್ಸೇಟ್ ಮಾತ್ರೆ ನುಂಗುವವರಿಗೆ ಮರುದಿನದ ವಾಕರಿಕೆ ಗೊತ್ತಿರುತ್ತದೆ; ಆ ದಿನ ನಾನು ಪ್ರೆಸ್ಸಿನ ಹತ್ತಿರವೂ ಸುಳಿಯುವುದಿಲ್ಲ. ಪ್ರತಿರೋಧ ಶಕ್ತಿ ತಗ್ಗಿಸುವ ಔಷಧಿಯಲ್ಲಿ ಇರುವವರು, ಸಕ್ಕರೆ ಕಾಯಿಲೆಯವರು, ಉಳಿಯಿಂದ ಕೈ ಕೊಯ್ದುಕೊಂಡರೆ ಉದಾಸೀನ ಮಾಡಬಾರದು. ಡಯಾಲಿಸಿಸ್ಸಿನವರು ಫಿಸ್ಟುಲಾ (ಡಯಾಲಿಸಿಸ್ಸಿನ ಸೂಜಿಗೆಂದು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರುವ ಕೈಗೆ ಭಾರ ಹಾಕಬಾರದು. ಆಸ್ತಮಾ ಇರುವವರು ಆಮ್ಲದ ಕೋಣೆಗೆ ಕಾಲಿಡಬೇಡಿ, ಲಿನೋ ಮಾಡಿ. ಮಸಿ ಒರೆಸಲು ಸೀಮೆಎಣ್ಣೆ, ಟರ್ಪೆಂಟೈನ್ ಬೇಡ, ಅಡುಗೆ ಎಣ್ಣೆಯಲ್ಲೇ ಹೋಗುತ್ತದೆ, ಆಮೇಲೆ ಸೋಪು. ಲಿನೋ ಹಾಳೆ ಗಟ್ಟಿ ಅನ್ನಿಸಿದರೆ ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗುತ್ತದೆ. ಉಳಿಯ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡಿಕೊಳ್ಳಿ, ಬೆರಳು ಪೂರ್ತಿ ಮಡಚಬೇಕಾಗುವುದಿಲ್ಲ.

ಪ್ರದರ್ಶನ ಇಟ್ಟಾಗ ಸಂಘಟಕರು ಚಿತ್ರದ ಪಕ್ಕ 'ಕಾಯಿಲೆಯನ್ನು ಗೆದ್ದ ಧೀರೆ' ಅಂತ ಚೀಟಿ ಅಂಟಿಸಲು ಬರುತ್ತಾರೆ. ನಾನು ಒಪ್ಪುವುದಿಲ್ಲ. ಗೆದ್ದಿಲ್ಲ, ಸೋತೂ ಇಲ್ಲ, ಜೊತೆಗಿದ್ದೇವೆ. ಕಾಯಿಲೆಯ ಹೆಸರು ಹಾಕಬೇಕೋ ಬೇಡವೋ ಅನ್ನುವುದು ಮಾಡಿದವರಿಗೆ ಬಿಟ್ಟದ್ದು. ಲೋಟದ ಹೆಂಗಸು ಹಾಕಿದರು, ಚುಕ್ಕಿಯ ಹುಡುಗ ಬೇಡವೆಂದ, ಅವನಿಗಿನ್ನೂ ಮದುವೆಯಾಗಬೇಕಿದೆ. ನಮ್ಮ ಸಮಾಜ ಹೇಗಿದೆ ಅಂತ ನಿಮಗೇ ಗೊತ್ತು.

ಮನೆಯಲ್ಲೇ ಶುರುಮಾಡುವವರಿಗೆ ತಗಡು, ಆಮ್ಲ ಯಾವುದೂ ಬೇಡ. ಹಾಲು ಅಥವಾ ಜ್ಯೂಸಿನ ಟೆಟ್ರಾ ಪ್ಯಾಕನ್ನು ಬಿಡಿಸಿ ಚಪ್ಪಟೆ ಮಾಡಿ. ಒಳಗಿನ ಬೆಳ್ಳಿ ಬಣ್ಣದ ಮೈಮೇಲೆ ದಬ್ಬಣದಿಂದ ಗೀರಿದರೆ ಅದೇ ನಿಮ್ಮ ಡ್ರೈಪಾಯಿಂಟ್ ತಗಡು. ಆ ಪದರವನ್ನು ಕತ್ತರಿಸಿ ಸುಲಿದ ಕಡೆ ಒಳಗಿನ ರಟ್ಟು ಹೆಚ್ಚು ಮಸಿ ಕುಡಿದು ಕಪ್ಪಾಗಿ ಬರುತ್ತದೆ. ಕಾಗದ ನೆನೆಸಿ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೂ ನಡೆಯುತ್ತದೆ. ನಿಮ್ಮ ಹಳೆಯ ಎಕ್ಸ್‌ರೇ ಹಾಳೆಗಳನ್ನೂ ಎಸೆಯಬೇಡಿ, ಸ್ಟೆನ್ಸಿಲ್ ಕತ್ತರಿಸಲು ಅಷ್ಟು ಚೆನ್ನಾದ ಹಾಳೆ ಅಂಗಡಿಯಲ್ಲಿ ಸಿಗುವುದಿಲ್ಲ. ಮುಂದಿನ ತಿಂಗಳು ಇದೇ ಸಭಾಂಗಣಕ್ಕೆ ಸಣ್ಣ ಪ್ರೆಸ್ ತರುತ್ತೇನೆ, ಚಕ್ರ ತಿರುಗಿಸಲು ಹುಡುಗನೂ ಬರುತ್ತಾನೆ. ಪ್ಯಾಕೆಟ್ಟುಗಳನ್ನು ಮಾತ್ರ ಸೋಪು ಹಾಕಿ ತೊಳೆದು ಒಣಗಿಸಿ ತನ್ನಿ. ಹೋದ ಸಲ ಹುಳಿ ಹಾಲಿನ ವಾಸನೆಗೆ ಅರ್ಧ ಜನ ಹೊರಗೆ ನಿಂತಿದ್ದರು.